ಗ್ರಾಹಕರ ವಿವರ, ವರ್ತಕರ ಹೊಣೆ

ಯಾವ ಮಾತನ್ನು ಯಾರ ಮುಂದೆ ಆಡಬೇಕು, ಯಾವುದನ್ನು ಆಡಬಾರದು ಎಂಬ ವಿವೇಕ ನಮ್ಮ ಭಾಗದ ವರ್ತಕ ಸಮುದಾಯಕ್ಕೆ ಹೊಸದಲ್ಲ. ದನದ ಸಂತೆಗಳಲ್ಲಿ ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ದರ ಗೊತ್ತುಮಾಡುವ ಪದ್ಧತಿಯೇ ಇದಕ್ಕೆ ಸಾಕ್ಷಿ. ಒಬ್ಬರ ಉದ್ರಿ ಲೆಕ್ಕವನ್ನು ಇನ್ನೊಬ್ಬರಿಗೆ ತೋರಿಸದ ಅಂಗಡಿಗೆ ಊರಿನಲ್ಲಿ ಗೌರವವಿರುತ್ತದೆ. ಆದರೆ ಖಾತೆ ಪುಸ್ತಕ ಮೊಬೈಲಿನೊಳಗೆ ಸೇರಿದ ಮೇಲೆ ಈ ವಿವೇಕವೂ ಅದರ ಜೊತೆಗೆ ಮೊಬೈಲಿಗೆ ಸಾಗಿಬಂದಿದೆಯೇ ಎಂಬುದು ವಿಚಾರಿಸಬೇಕಾದ ಸಂಗತಿ.

ಕಲಬುರಗಿಯ ನೆಹರು ಗಂಜಿನ ಅಡತಿ ಅಂಗಡಿಯಲ್ಲಾಗಲಿ, ಕಪನೂರು ಕೈಗಾರಿಕಾ ಪ್ರದೇಶದ ದಾಲ್ ಮಿಲ್ಲಿನಲ್ಲಾಗಲಿ ಒಂದು ತೊಗರಿ ಸುಗ್ಗಿ ಮುಗಿಯುವಷ್ಟರಲ್ಲಿ ಸಂಗ್ರಹವಾಗುವ ವೈಯಕ್ತಿಕ ವಿವರಗಳು ಅನೇಕ. ರೈತನ ಹೆಸರು, ಊರು, ಮೊಬೈಲ್ ಸಂಖ್ಯೆ, ಬ್ಯಾಂಕ್ ಪಾಸ್‌ಬುಕ್ಕಿನ ಚಿತ್ರ. ಕಾರ್ಮಿಕರ ಆಧಾರ್ ಪ್ರತಿ, ಭವಿಷ್ಯನಿಧಿ ಸಂಖ್ಯೆ. ಲಾರಿ ಚಾಲಕನ ಪರವಾನಗಿ ಪತ್ರ. ಕಮಲಾಪುರದ ಬಾಳೆ ವ್ಯಾಪಾರಿಯೂ, ಹುಮನಾಬಾದ ರಸ್ತೆಯ ಬದಿಯ ಸಣ್ಣ ಅಂಗಡಿಕಾರನೂ ಇದಕ್ಕೆ ಹೊರತಲ್ಲ. ಇವುಗಳಲ್ಲಿ ಬಹುಪಾಲು ವಾಟ್ಸ್ಆ್ಯಪ್ ಮೂಲಕ ಬರುತ್ತವೆ. ಬಂದ ಮೇಲೆ ಅಲ್ಲಿಯೇ ಉಳಿಯುತ್ತವೆ. ಗುಮಾಸ್ತನ ಫೋನಿನಲ್ಲಿ ಒಂದು ಪ್ರತಿ, ಮಾಲೀಕನ ಫೋನಿನಲ್ಲಿ ಇನ್ನೊಂದು, ತೆರಿಗೆ ಸಲಹೆಗಾರರ ಕಂಪ್ಯೂಟರಿನಲ್ಲಿ ಮತ್ತೊಂದು.

ವಿವರ ಅನ್ಯರ ಕೈಸೇರಿದರೆ

ಒಬ್ಬರ ಹೆಸರು ಇನ್ನೊಬ್ಬರ ಕೈಯಲ್ಲಿ ಏನೆಲ್ಲ ಆಗಬಲ್ಲದು ಎಂಬುದಕ್ಕೆ ಕಲಬುರಗಿ ಜಿಲ್ಲೆಯಲ್ಲಿಯೇ ನಿದರ್ಶನವಿದೆ. 2023ರ ವಿಧಾನಸಭಾ ಚುನಾವಣೆಗೆ ಮುನ್ನ ಆಳಂದ ಕ್ಷೇತ್ರದಲ್ಲಿ ಮತದಾರರ ಹೆಸರನ್ನು ಪಟ್ಟಿಯಿಂದ ತೆಗೆಯುವಂತೆ 6,018 ಅರ್ಜಿಗಳು ಆನ್‌ಲೈನ್ ಮೂಲಕ ಸಲ್ಲಿಕೆಯಾದವು. ಪರಿಶೀಲನೆಯಲ್ಲಿ ಸರಿಯೆಂದು ಕಂಡುಬಂದವು 24 ಮಾತ್ರ. ಉಳಿದ 5,994 ತಿರಸ್ಕೃತವಾದವು. ಅರ್ಜಿದಾರರೆಂದು ದಾಖಲಾಗಿದ್ದ ಹಲವರು ತಾವು ಅಂತಹ ಅರ್ಜಿಯನ್ನೇ ಹಾಕಿಲ್ಲವೆಂದರು. 2023ರ ಫೆಬ್ರವರಿಯಲ್ಲಿ ಪೊಲೀಸ್ ಪ್ರಕರಣ ದಾಖಲಾಯಿತು. ರಾಜಕೀಯದ ಮಾತು ಬದಿಗಿರಲಿ. ಸಾಮಾನ್ಯ ಜನರ ಹೆಸರುಗಳು ಅವರಿಗೆ ತಿಳಿಯದಂತೆಯೇ ಬಳಕೆಯಾದವು ಎಂಬುದು ಪ್ರತಿಯೊಬ್ಬ ವ್ಯವಹಾರಸ್ಥನೂ ಲಕ್ಷ್ಯ ಕೊಡಬೇಕಾದ ಅಂಶ.

ಹೆಸರಿನ ಬೆಲೆ ಏನೆಂಬುದನ್ನು ಈ ಭಾಗದ ಉದ್ಯಮಿಗಳು ಚೆನ್ನಾಗಿ ಬಲ್ಲರು. ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಸೂಚಕ ಮಾನ್ಯತೆಯಿದೆ. ಕಲಬುರಗಿಯ ತೊಗರಿ ಬೇಳೆಗೂ 2019ರಲ್ಲಿ ಅದು ದೊರೆಯಿತು. ಬೇರೆ ಊರಿನ ಮಾಲಿಗೆ ನಮ್ಮ ಊರಿನ ಹೆಸರು ಹಚ್ಚಿ ಮಾರಬಾರದೆಂಬುದೇ ಅದರ ಉದ್ದೇಶ. ಊರಿನ ಹೆಸರಿಗೆ ಇಷ್ಟು ರಕ್ಷಣೆ ಬೇಡುವವರು ತಮ್ಮ ಬಳಿಗೆ ಬರುವ ರೈತನ, ಗ್ರಾಹಕನ, ಕಾರ್ಮಿಕನ ಹೆಸರಿಗೂ ಅಷ್ಟೇ ರಕ್ಷಣೆ ನೀಡುವುದು ನ್ಯಾಯ.

ಕಾನೂನು ಹೇಳುವುದೇನು?

ಖಾಸಗಿತನವು ಮೂಲಭೂತ ಹಕ್ಕು ಎಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದ ತೀರ್ಪು ನೀಡಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು. ತರುವಾಯ 2023ರ ಆಗಸ್ಟಿನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ದೊರೆಯಿತು. 2025ರ ನವೆಂಬರಿನಲ್ಲಿ ಅದರ ನಿಯಮಗಳು ಪ್ರಕಟವಾದವು. ಮುಖ್ಯ ಹೊಣೆಗಳು ಜಾರಿಗೆ ಬರಲು ನಿಯಮಗಳು ಗೊತ್ತುಮಾಡಿದ ಅವಧಿ 18 ತಿಂಗಳು, ಅಂದರೆ 2027ರ ಮೇ ತಿಂಗಳವರೆಗೆ.

ಈ ಕಾಯ್ದೆ ಕಾಗದದ ಖಾತೆ ಪುಸ್ತಕಕ್ಕೆ ಅನ್ವಯಿಸುವುದಿಲ್ಲ. ಆದರೆ ಅದೇ ಪುಟವನ್ನು ಕಂಪ್ಯೂಟರಿಗೆ ಏರಿಸಿದೊಡನೆ, ಮೊಬೈಲಿನಲ್ಲಿ ಚಿತ್ರ ತೆಗೆದೊಡನೆ ಅನ್ವಯಿಸುತ್ತದೆ. ಮನೆಯ ಸ್ವಂತ ಬಳಕೆಗೆ ವಿನಾಯಿತಿಯುಂಟು; ಮನೆಗೂ ಅಂಗಡಿಗೂ ಒಂದೇ ಫೋನ್ ಇಟ್ಟುಕೊಂಡವರಿಗೆ ಅಂಗಡಿಯ ವಿವರಗಳ ಮಟ್ಟಿಗೆ ಆ ವಿನಾಯಿತಿಯಿಲ್ಲ. ಲೆಕ್ಕವನ್ನು ಹೊರಗಿನವರಿಂದ ಬರೆಸಿದರೂ ಅವರ ಕೈಯಲ್ಲಾದ ಲೋಪಕ್ಕೆ ಕಾನೂನಿನ ಮುಂದೆ ಉತ್ತರ ಹೇಳಬೇಕಾದವನು ವಿವರ ಪಡೆದ ವರ್ತಕನೇ.

ಸೂಕ್ತ ರಕ್ಷಣೆಯ ಕ್ರಮ ಕೈಗೊಳ್ಳದೆ ವಿವರ ಸೋರಿಹೋದರೆ 250 ಕೋಟಿ ರೂಪಾಯಿವರೆಗೆ, ಸೋರಿಕೆಯನ್ನು ತಿಳಿಸದಿದ್ದರೆ 200 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ. ಇವು ಗರಿಷ್ಠ ಮಿತಿಗಳು. ದಂಡ ನಿಗದಿಪಡಿಸುವಾಗ ತಪ್ಪಿನ ಗಾಂಭೀರ್ಯವನ್ನೂ, ಹಾನಿ ತಗ್ಗಿಸಲು ಕೈಗೊಂಡ ಕ್ರಮಗಳನ್ನೂ ಮಂಡಳಿಯು ಪರಿಗಣಿಸಬೇಕು. ಆದುದರಿಂದ ಸಣ್ಣ ವ್ಯಾಪಾರಿಗಳು ಗಾಬರಿಯಾಗಬೇಕಿಲ್ಲ. ಉದಾಸೀನ ಮಾತ್ರ ಸಲ್ಲದು.

ತಿಳಿಯುವ ಭಾಷೆಯಲ್ಲಿ ತಿಳಿಸುವುದು

ಬಹುಜನರು ಇದನ್ನು ಕಂಪ್ಯೂಟರಿನ ವಿಷಯವೆಂದು ಭಾವಿಸಿದ್ದಾರೆ. ವಾಸ್ತವವಾಗಿ ಕಾಯ್ದೆಯ ಮುಖ್ಯ ಹೊಣೆಗಳಲ್ಲಿ ಹಲವು ಮಾತಿಗೆ ಸಂಬಂಧಿಸಿದವು: ವಿವರ ಏಕೆ ಬೇಕೆಂದು ಮೊದಲೇ ತಿಳಿಸುವುದು, ಕೇಳಿದವರಿಗೆ ಉತ್ತರಿಸುವುದು, ಅನಾಹುತವಾದರೆ ಮುಚ್ಚಿಡದೆ ಹೇಳುವುದು. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿಯೋ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿಯೋ ಓದುವ ಆಯ್ಕೆಯನ್ನು ಗ್ರಾಹಕನಿಗೆ ಕೊಡಬೇಕು. ಕನ್ನಡ, ಉರ್ದು, ಮರಾಠಿ, ತೆಲುಗು ನಾಲ್ಕೂ ಆ ಅನುಸೂಚಿಯಲ್ಲಿವೆ. ನಾಲ್ಕೂ ಕಲಬುರಗಿಯ ಪೇಟೆಯಲ್ಲಿ ಕೇಳಿಬರುವ ಭಾಷೆಗಳೇ.

ಸೂಚನೆ ಉದ್ದವಿರಬೇಕೆಂದಿಲ್ಲ. ಉದಾಹರಣೆಗೆ: “ಬಿಲ್ಲು ಹಾಗೂ ಹಣ ಪಾವತಿಯ ಸಂದೇಶ ಕಳುಹಿಸಲು ಮಾತ್ರ ತಮ್ಮ ಮೊಬೈಲ್ ಸಂಖ್ಯೆ ಪಡೆಯುತ್ತೇವೆ. ಇದನ್ನು ಬೇರೆಯವರಿಗೆ ಕೊಡುವುದಿಲ್ಲ. ತೆಗೆದುಹಾಕಬೇಕೆಂದರೆ ಅಥವಾ ದೂರು ಇದ್ದರೆ ನಮ್ಮ ವ್ಯವಸ್ಥಾಪಕರಿಗೆ ತಿಳಿಸಿರಿ. ಪರಿಹಾರ ದೊರೆಯದಿದ್ದರೆ ದತ್ತಾಂಶ ಸಂರಕ್ಷಣಾ ಮಂಡಳಿಗೆ ದೂರು ಸಲ್ಲಿಸಬಹುದು.” ಸಂಪರ್ಕಿಸಬೇಕಾದ ದೂರವಾಣಿ ಸಂಖ್ಯೆಯನ್ನೂ, ದೂರು ಸಲ್ಲಿಸುವ ವಿಧಾನವನ್ನೂ ಅದರ ಕೆಳಗೆ ನಮೂದಿಸಬೇಕು. ಓದಲು ಬಾರದವರಿಗೆ ಗುಮಾಸ್ತನೇ ಇದನ್ನು ಓದಿ ಹೇಳುವುದು ಉಚಿತ. ಬಿಲ್ಲಿಗೆಂದು ಪಡೆದ ಸಂಖ್ಯೆಗೆ ಹಬ್ಬದ ರಿಯಾಯಿತಿಯ ಜಾಹೀರಾತು ಕಳುಹಿಸಬೇಕಿದ್ದರೆ ಅದಕ್ಕೆ ಪ್ರತ್ಯೇಕ ಒಪ್ಪಿಗೆ ಬೇಕು.

ಕಚೇರಿಯೊಳಗಿನ ಶಿಸ್ತು

ನೌಕರಿಯ ಅಗತ್ಯಕ್ಕಾಗಿ ಕಾರ್ಮಿಕರ ವಿವರಗಳನ್ನು ಪ್ರತ್ಯೇಕ ಒಪ್ಪಿಗೆಯಿಲ್ಲದೆ ಬಳಸಲು ಕಾಯ್ದೆ ಅವಕಾಶ ನೀಡುತ್ತದೆ. ಆದರೆ ಎಲ್ಲ ಸಿಬ್ಬಂದಿಯಿರುವ ವಾಟ್ಸ್ಆ್ಯಪ್ ಗುಂಪಿನಲ್ಲಿ ಒಬ್ಬನ ಸಂಬಳದ ಚೀಟಿಯನ್ನೋ, ಇನ್ನೊಬ್ಬಳ ಆಸ್ಪತ್ರೆಯ ವರದಿಯನ್ನೋ ಹಾಕುವುದು ನೌಕರಿಯ ಅಗತ್ಯವೆನಿಸದು. ಗುಂಪು ಕೆಲಸದ ಸೂಚನೆಗಾಗಿ. ವ್ಯಕ್ತಿಗೆ ಸಂಬಂಧಿಸಿದ್ದನ್ನು ಆ ವ್ಯಕ್ತಿಗೇ ತಿಳಿಸಬೇಕು. ಕೆಲಸ ಬಿಟ್ಟವರನ್ನು ಅದೇ ದಿನ ಗುಂಪಿನಿಂದ ತೆಗೆದು, ಗುಪ್ತಪದ ಬದಲಾಯಿಸುವುದು ರೂಢಿಯಾಗಬೇಕು.

ಗುರುತಿಗಾಗಿ ಆಧಾರ್ ಪ್ರತಿ ಬೇಕಾದಲ್ಲಿ, ಮೊದಲ ಎಂಟು ಅಂಕಿಗಳನ್ನು ಮರೆಮಾಡಿ ಕೊನೆಯ ನಾಲ್ಕನ್ನು ಮಾತ್ರ ತೋರಿಸುವ ಪ್ರತಿ ಸಾಕಾಗುವುದಾದರೆ ಅದನ್ನೇ ಪಡೆಯುವುದು ಲೇಸು. ಕೆಲಸ ಮುಗಿದ ಮೇಲೆ ಅನಗತ್ಯ ವಿವರಗಳನ್ನು ಅಳಿಸಬೇಕು. ಜಿಎಸ್‌ಟಿ ಲೆಕ್ಕಪತ್ರಗಳ ಮಾತು ಬೇರೆ. ಅವುಗಳನ್ನು ವಾರ್ಷಿಕ ವಿವರಪಟ್ಟಿ ಸಲ್ಲಿಸುವ ಕಡೆಯ ದಿನಾಂಕದಿಂದ 72 ತಿಂಗಳು ಕಾಪಾಡಲೇಬೇಕು.

ಅನಾಹುತವಾದಾಗ

ಫೋನ್ ಕಳೆದುಹೋಗುವುದು, ಕಂಪ್ಯೂಟರಿಗೆ ಕನ್ನ ಬೀಳುವುದು ಯಾರಿಗೂ ತಪ್ಪಿದ್ದಲ್ಲ. ಬೈಗುಳಕ್ಕೆ ಅಂಜಿ ಗುಮಾಸ್ತ ಎರಡು ದಿನ ಮುಚ್ಚಿಟ್ಟರೆ ನಷ್ಟ ಇಮ್ಮಡಿಯಾಗುತ್ತದೆ. ಆದುದರಿಂದ ತಪ್ಪನ್ನು ಕೂಡಲೇ ಹೇಳಿದವನಿಗೆ ಶಿಕ್ಷೆಯಿಲ್ಲವೆಂದು ಮಾಲೀಕರು ಮುಂಚಿತವಾಗಿಯೇ ಸ್ಪಷ್ಟಪಡಿಸುವುದು ಒಳಿತು. ನಿಯಮಗಳ ಪ್ರಕಾರ ಬಾಧಿತರಿಗೂ ಮಂಡಳಿಗೂ ತಡಮಾಡದೆ ತಿಳಿಸಬೇಕು. ಮಂಡಳಿಗೆ 72 ಗಂಟೆಗಳೊಳಗೆ ಪೂರ್ಣ ವಿವರ ಸಲ್ಲಿಸಬೇಕು. ಹಣ ವಂಚನೆಯಾಗಿದ್ದರೆ ತಕ್ಷಣ 1930 ಸಹಾಯವಾಣಿಗೆ ಕರೆ ಮಾಡಬೇಕು. ಬಾಧಿತರಿಗೆ ಹೇಳುವಾಗ ಏನು ಸೋರಿತು, ಅದರಿಂದ ಆಗಬಹುದಾದ ತೊಂದರೆಯೇನು, ಅವರು ಏನು ಮಾಡಬೇಕು ಎಂಬಿಷ್ಟನ್ನು ಸರಳವಾಗಿ ತಿಳಿಸಬೇಕು.

ವರ್ತಕ ಬಾಂಧವರು ಈ ಕಾರ್ಯವನ್ನು ಯಾವುದೇ ಖರ್ಚಿಲ್ಲದೆ ಆರಂಭಿಸಬಹುದು. ಅಂಗಡಿಯಲ್ಲಿ ಯಾರ ವಿವರ, ಯಾವ ಫೋನಿನಲ್ಲಿ, ಯಾವ ಕಾರಣಕ್ಕೆ ಇದೆ ಎಂದು ಒಂದು ಹಾಳೆಯಲ್ಲಿ ಬರೆದಿಡಲಿ. ಕಾರಣ ಬರೆಯಲಾಗದ ವಿವರವನ್ನು, ಕಾನೂನಿನಂತೆ ಇಡಬೇಕಾದುದಲ್ಲವಾದರೆ, ಅಳಿಸಿಹಾಕಲಿ. ಉಳಿದುದಕ್ಕೆ ಒಬ್ಬ ಹೊಣೆಗಾರನನ್ನು ನೇಮಿಸಿ, ಅವನ ಹೆಸರನ್ನು ಗಲ್ಲೆಯ ಬಳಿ ಕನ್ನಡದಲ್ಲಿ ಬರೆಸಿ ಹಚ್ಚಲಿ. ತನ್ನ ಸಂಖ್ಯೆ ಏಕೆ ಬೇಕೆಂದು ಕೇಳಿದ ರೈತನಿಗೆ ತಡವರಿಸದೆ ಉತ್ತರ ಕೊಡಬಲ್ಲ ಅಂಗಡಿ ಕಾನೂನಿನ ಮುಖ್ಯ ಆಶಯವನ್ನು ಆಗಲೇ ಪಾಲಿಸಿದಂತಾಗುತ್ತದೆ.