ಒಂದು ಗಂಟೆ, ಹತ್ತು ಮೀಟರು

ಮೂವತ್ತು ವರ್ಷ ಸೈಕಲ್ಲಿನ ಮೇಲೆಯೇ ಕಾಲೇಜಿಗೆ ಹೋಗಿ ಬಂದವನು ನಾನು. ಎದುರುಗಾಳಿ ಬೀಸಿದ ದಿನ ಇಳಿದು ತಳ್ಳಿಕೊಂಡು ನಡೆಯಲು ನನಗೇನೂ ಸಂಕೋಚವಿರಲಿಲ್ಲ. ಆದುದರಿಂದಲೇ, ಇಳಿಯಲೊಲ್ಲದ ಸವಾರನೊಬ್ಬನ ಕಥೆ ನನ್ನನ್ನು ಬಹುಕಾಲದಿಂದ ಕಾಡಿದೆ. ಆತ ಬೆಲ್ಜಿಯಮ್ಮಿನ ಎಡ್ಡಿ ಮರ್ಕ್ಸ್.

1945ರಲ್ಲಿ ಹುಟ್ಟಿದ ಮರ್ಕ್ಸ್ ದಿನಸಿ ಅಂಗಡಿಯವರ ಮಗ. 1969ರಲ್ಲಿ, ಮೊದಲ ಯತ್ನದಲ್ಲಿಯೇ 'ಟೂರ್ ದ ಫ್ರಾನ್ಸ್' ಪಂದ್ಯವನ್ನು ಗೆದ್ದು, ತನ್ನ ನಾಡಿನ ಮೂವತ್ತು ವರ್ಷಗಳ ಹಂಬಲವನ್ನು ತೀರಿಸಿದ. ಒಟ್ಟು ಕಾಲ, ಬೆಟ್ಟದ ಏರು, ಅಂಕಗಳ ಗಣನೆ ಈ ಮೂರರಲ್ಲಿಯೂ ಅವನೇ ಮೊದಲಿಗ. ಇತರರಿಗೆ ಒಂದು ತುತ್ತನ್ನೂ ಉಳಿಸದ ಅವನಿಗೆ 'ನರಭಕ್ಷಕ' ಎಂಬ ಅಡ್ಡಹೆಸರೇ ಬಿತ್ತು.

ಅದೇ ಸೆಪ್ಟೆಂಬರಿನಲ್ಲಿ, ಫ್ರಾನ್ಸಿನ ಬ್ಲ್ವಾ ಪಟ್ಟಣದ ವರ್ತುಲಪಥದಲ್ಲಿ ಒಂದು ಓಟ. ಸವಾರನ ಮುಂದೆ ಪುಟ್ಟ ಮೋಟಾರು ಸೈಕಲ್ಲೊಂದು ಗಾಳಿಯನ್ನು ಸೀಳುತ್ತ ಸಾಗುವ ಬಗೆಯದು. ಅಪಘಾತವಾಯಿತು. ಮರ್ಕ್ಸನ ಮುಂದಿದ್ದ ಚಾಲಕ ಫೆರ್ನಾಂ ವಾಂಬ್ಸ್ಟ್ ಮಡಿದ. ಮರ್ಕ್ಸ್ ಪ್ರಜ್ಞೆ ತಪ್ಪಿದ. ಬೆನ್ನಿಗೂ ಸೊಂಟಕ್ಕೂ ಬಿದ್ದ ಪೆಟ್ಟಿನ ನೋವು, ಬೆಟ್ಟ ಏರುವಾಗಲೆಲ್ಲ ಮರುಕಳಿಸತೊಡಗಿತು. ನಾವು ಬೆರಗಿನಿಂದ ಎಣಿಸುವ ಅವನ ಐದು ಟೂರ್ ವಿಜಯಗಳಲ್ಲಿ ನಾಲ್ಕು ಈ ಪೆಟ್ಟಿನ ನಂತರದವು ಎಂಬುದನ್ನು ಮರೆಯಬಾರದು.

1972ರ ಅಕ್ಟೋಬರ್ 25ರಂದು ಅವನು ಮೆಕ್ಸಿಕೋ ನಗರದ ವರ್ತುಲಪಥಕ್ಕೆ ಇಳಿದ. ಒಂದು ಗಂಟೆಯಲ್ಲಿ ಒಬ್ಬನೇ ಎಷ್ಟು ದೂರ ಹೋಗಬಲ್ಲ ಎಂಬುದೇ ಪರೀಕ್ಷೆ. ಎದುರಾಳಿಯಿಲ್ಲ, ಗಡಿಯಾರವೊಂದೇ. ಅಷ್ಟು ಎತ್ತರದ ಊರಿನಲ್ಲಿ ಗಾಳಿ ತೆಳುವಾದುದರಿಂದ ತಡೆ ಕಡಿಮೆ. ಆದರೆ ಉಸಿರಿಗೂ ಅಷ್ಟೇ ಕೊರತೆ. ಅವನು ಕ್ರಮಿಸಿದ್ದು 49.431 ಕಿಲೋಮೀಟರು. ಇಳಿದಾಗ ನಡೆಯುವುದೇ ಕಷ್ಟವಾಗಿತ್ತು.

1984ರಲ್ಲಿ ಇಟಲಿಯ ಮೋಸರ್, ತಟ್ಟೆಯಂಥ ಗಾಲಿಗಳ ಹೊಸ ಸೈಕಲ್ಲಿನಲ್ಲಿ ಆ ದಾಖಲೆಯನ್ನು ಮುರಿದ. ಮುಂದೆ ಯಂತ್ರಗಳು ಬೆಳೆದಂತೆ ಅಂಕಿಗಳೂ ಬೆಳೆದವು. ಗೆದ್ದದ್ದು ಮನುಷ್ಯನೋ ಯಂತ್ರವೋ? ಈ ಸಂದೇಹ ಬಲಿತಾಗ, 2000ದಲ್ಲಿ ಅಂತರರಾಷ್ಟ್ರೀಯ ಸಂಸ್ಥೆಯವರು ಮರ್ಕ್ಸನ ಕಾಲದ ಮಾದರಿಯ ಸೈಕಲ್ಲನ್ನೇ ಅಳತೆಗೋಲಾಗಿಟ್ಟರು. ಆ ವರ್ಷ ಇಂಗ್ಲೆಂಡಿನ ಕ್ರಿಸ್ ಬೋರ್ಡ್‌ಮನ್, ಮ್ಯಾಂಚೆಸ್ಟರಿನಲ್ಲಿ, ತೆಳುಗಾಳಿಯ ನೆರವಿಲ್ಲದೆ, 49.441 ಕಿಲೋಮೀಟರು ಸಾಗಿದ. ಇಪ್ಪತ್ತೆಂಟು ವರ್ಷಗಳ ಅಂತರ. ಹತ್ತೇ ಮೀಟರು ಹೆಚ್ಚು!

ಆ ಹತ್ತು ಮೀಟರು ಬೋರ್ಡ್‌ಮನ್ನನ ಹಿರಿಮೆ. ಅದರ ಹಿಂದಿನ ಉಳಿದ ದೂರವೆಲ್ಲ, ನೊಂದ ಸೊಂಟದ ಮನುಷ್ಯನೊಬ್ಬ ಇಳಿಯದೆ ಉಳಿದುದರ ಲೆಕ್ಕ. ಉಪಕರಣಗಳನ್ನು ಸಮನಾಗಿಸಿದಾಗಲೇ ಮನುಷ್ಯನ ನಿಜವಾದ ಎತ್ತರ ಕಾಣುತ್ತದೆ ಎಂದು ನನಗನಿಸುತ್ತದೆ.