ಮಡಕೆಯ ಜಾಡಿನಲ್ಲಿ ಎರಡು ದಿನ

ಪರೀಕ್ಷೆ ಮುಗಿದು ಮಕ್ಕಳು ಮನೆಯಲ್ಲಿ ಠಿಕಾಣಿ ಹೂಡಿದರೆಂದರೆ ತಂದೆತಾಯಿಗಳ ಮುಂದೆ ಒಂದೇ ಪ್ರಶ್ನೆ: ಈ ಸಲ ಎಲ್ಲಿಗೆ? ಮೈಸೂರು, ಊಟಿ, ಗೋವಾ ಎಂದು ಪಟ್ಟಿ ಬೆಳೆಯುತ್ತದೆ. ಶಿಗ್ಗಾಂವಿ, ಸವಣೂರು, ಹಾನಗಲ್ಲ, ಹಿರೇಕೆರೂರು ಎಂದು ಬರೆಯುವವರು ವಿರಳ. ಬರೆದರೆ ಎರಡು ದಿನಕ್ಕೆ ಸಾಕಾಗುವಷ್ಟು ನೋಟ ಇಲ್ಲಿದೆ, ಅದೂ ಓಡದೆ, ಏದುಸಿರು ಬಿಡದೆ.

ಹುಬ್ಬಳ್ಳಿಯಿಂದ ಬೆಂಗಳೂರಿನತ್ತ ಬರುವ ಹೆದ್ದಾರಿಯಲ್ಲಿ ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿ ಸಿಗುತ್ತದೆ. 2011ರಲ್ಲಿ ಜಾನಪದ ವಿಶ್ವವಿದ್ಯಾಲಯ ಹುಟ್ಟಿದ್ದು ಇಲ್ಲಿಯೇ. ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ ಇರುವುದೂ ಇಲ್ಲಿ. ಅವರು 2020ರಲ್ಲಿ ತೀರಿಕೊಂಡರು. ಹೆಸರು ಕೇಳಿ ಬರೀ ಬಂಡೆಗಳ ತೋಟವೆಂದು ತಿಳಿದವರು ಬೇಸ್ತು ಬೀಳುತ್ತಾರೆ. ಹಸಿರಿನ ನಡುವೆ ಉತ್ತರ ಕರ್ನಾಟಕದ ಹಳೆಯ ಹಳ್ಳಿಯೊಂದು ಆಳೆತ್ತರದ ಶಿಲ್ಪಗಳಾಗಿ ನಿಂತಿದೆ. ಬಾಗಿಲ ಬಳಿ ಡಾ. ರಾಜಕುಮಾರರ ಸಿನಿಮಾ ಪಾತ್ರಗಳಿವೆ. ಫೋಟೋ ತೆಗೆಯುತ್ತ ಅರ್ಧ ಹೊತ್ತು ಅಲ್ಲೇ ಕಳೆಯುವವರಿದ್ದಾರೆ. ಅದು ನಷ್ಟದ ವ್ಯಾಪಾರ.

ಒಳಗಿನ ಹಳ್ಳಿಯಲ್ಲಿ ಮಕ್ಕಳು ಹೆಜ್ಜೆಗೊಮ್ಮೆ ‘ಇದೇನು?’ ಎನ್ನುತ್ತಾರೆ. ಅಜ್ಜಿ ಜೊತೆಗಿದ್ದರೆ ಗೈಡಿನ ಹಂಗಿಲ್ಲ. ನೀರು ತುಂಬಿಡುವ ಹರವಿ ಎಷ್ಟು ದೊಡ್ಡದು, ಗಡಿಗೆ ಹೇಗಿರುತ್ತದೆ, ರೊಟ್ಟಿ ಸುಡುವ ಮಣ್ಣಿನ ಹಂಚನ್ನು ಹೇಗೆ ಪಳಗಿಸಬೇಕು, ಎಲ್ಲಕ್ಕೂ ಆಕೆಯಲ್ಲಿ ಉತ್ತರವುಂಟು. ಅಪ್ಪನಿಗೆ ಅರ್ಧ ಗೊತ್ತು. ಮಗನಿಗೆ ಕುಕ್ಕರ್ ಗೊತ್ತು! ಮನೆಯಿಂದ ವಸ್ತು ಹೊರಬಿದ್ದಾಗ ಅದರ ಹೆಸರೂ ಹಿಂದೆಯೇ ಹೊರಡುತ್ತದೆ.

ಶಿಲ್ಪ ಆಕಾರವನ್ನು ತೋರಿಸೀತು. ಗಡಿಗೆಯ ತಂಪನ್ನು ತೋರಿಸಲಾರದು. ಸುಟ್ಟ ಮಣ್ಣಿನ ಸಣ್ಣ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನೇ ಎಳೆದುಕೊಳ್ಳುತ್ತದೆ. ವಿಜ್ಞಾನದ ಈ ಪಾಠಕ್ಕೆ ಹೊಸ ಗಡಿಗೆಯೊಂದು ಸಾಕು.

ಸವಣೂರಿನಲ್ಲಿ ಖಾರದ ಪೊಟ್ಟಣ ಕಟ್ಟಿಸಿಕೊಂಡು ದೊಡ್ಡಹುಣಸೆಮರದ ಕಲ್ಮಠಕ್ಕೆ ಹೋಗಬೇಕು. ಹೆಸರು ಹುಣಸೆಯಾದರೂ ಇವು ಆಫ್ರಿಕಾ ಮೂಲದ ಬಾವೋಬಾಬ್ ಮರಗಳು. ಮೂರರಲ್ಲಿ ಒಂದು 2023ರ ಮಳೆಗಾಲದಲ್ಲಿ ಬುಡಮೇಲಾಯಿತು. ಸೌದೆಯ ಪಾಲಾಗಲು ಬಿಡದೆ ಎತ್ತಿ ಮತ್ತೆ ನೆಟ್ಟರು. ಹಾನಗಲ್ಲಿನಲ್ಲಿ ತಾರಕೇಶ್ವರ ದೇಗುಲದ ಕಮಲದ ಛತ್ತನ್ನು ಕತ್ತೆತ್ತಿ ನೋಡಿ, ಮರುದಿನ ಹಿರೇಕೆರೂರಿನ ಕಡೆ ಹೊರಡಬಹುದು.

ಮಡಕೆಯ ನಿಜವಾದ ಕತೆ ಇರುವುದು ಆ ಸೀಮೆಯಲ್ಲಿ. ಅಬಲೂರಿನ ಸರ್ವಜ್ಞ ಕುಂಬಾರಗಿತ್ತಿಯ ಮಗನೆಂಬುದು ಜನ ಹೇಳಿಕೊಂಡು ಬಂದ ಐತಿಹ್ಯ. ಅದಕ್ಕೂ ಬಹಳ ಹಿಂದಿನದು ತುಂಗಭದ್ರೆಯ ದಡದ ಹಳ್ಳೂರು. 1965ರಲ್ಲಿ ಡಾ. ಎಂ.ಎಸ್. ನಾಗರಾಜರಾವ್ ಇಲ್ಲಿ ಉತ್ಖನನ ನಡೆಸಿದರು. ಸುಮಾರು 3000 ವರ್ಷಗಳಷ್ಟು ಹಳೆಯ ಕಬ್ಬಿಣದ ಕುರುಹುಗಳು ದೊರೆತು ಹಳ್ಳೂರಿನ ಹೆಸರು ದೇಶದ ಇತಿಹಾಸ ಗ್ರಂಥಗಳನ್ನು ಸೇರಿತು. ಜೊತೆಗೆ ಕಪ್ಪು-ಕೆಂಪು ಮಡಕೆಗಳೂ ಸಿಕ್ಕವು: ಒಳಗೂ ಬಾಯಿಯ ಬಳಿಯೂ ಕಪ್ಪು, ಹೊರಮೈ ಕೆಂಪು. ಎರಡು ಬಣ್ಣ ಬಳಿದದ್ದಲ್ಲ. ಬೋರಲಾಗಿಟ್ಟು ಸುಟ್ಟರೆ ಗಾಳಿ ಸೋಕದ ಭಾಗ ಕಪ್ಪಾಗುತ್ತದೆ, ಗಾಳಿ ತಾಗಿದ್ದು ಕೆಂಪೇರುತ್ತದೆ ಎಂದು ವಿದ್ವಾಂಸರು ವಿವರಿಸುತ್ತಾರೆ. ಅದಕ್ಕೂ ಹಿಂದಿನ ನವಶಿಲಾಯುಗದಲ್ಲಿ, ತೀರಿಹೋದ ಎಳೆಯ ಕೂಸುಗಳನ್ನು ಮಡಕೆಯಲ್ಲಿಟ್ಟು ಮನೆಯ ನೆಲದಡಿಯೇ ಹೂಳುವ ರೂಢಿ ದಕ್ಷಿಣ ಭಾರತದಲ್ಲಿತ್ತು. ದೂರ ಕಳಿಸಲು ತಾಯಂದಿರಿಗೆ ಮನಸ್ಸು ಬರಲಿಲ್ಲವೇನೋ!

ಇಂಥ ದಿಬ್ಬಗಳಲ್ಲಿ ಚೂರು ಕಂಡರೆ ಮಕ್ಕಳ ಕೈ ಸುಮ್ಮನಿರದು. ಜೇಬಿಗಿಳಿಸಲು ಮಾತ್ರ ಬಿಡಬೇಡಿ. ಯಾವ ಪದರದಲ್ಲಿತ್ತು ಎಂಬುದು ತಪ್ಪಿಹೋದ ಚೂರು ಇತಿಹಾಸಕಾರನಿಗೆ ಏನನ್ನೂ ಹೇಳುವುದಿಲ್ಲ.

ದಾರಿಯ ಹಳ್ಳಿಗಳಲ್ಲಿ ಕುಂಬಾರರ ಮನೆ ಎಲ್ಲಿ ಎಂದು ವಿಚಾರಿಸಿ. ತಿಗರಿ ಮೂಲೆ ಸೇರಿರುವ ಮನೆಗಳೂ ಇವೆ. ಮಣ್ಣೆತ್ತಿನ ಅಮಾವಾಸ್ಯೆ ಹತ್ತಿರವಿದ್ದರೆ ಎತ್ತಿನ ಜೋಡಿಗಳು ನೆರಳಲ್ಲಿ ಒಣಗುತ್ತಿರಬಹುದು. ಗಡಿಗೆ ಕೊಳ್ಳುವಾಗ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ: ಠಣ್ ಎಂದರೆ ಚೆನ್ನಾಗಿ ಬೆಂದಿದೆ, ಬೊದ್ದು ಸದ್ದು ಬಂದರೆ ಎಲ್ಲೋ ಸೀಳಿದೆ. ಮನೆಗೆ ತಂದು ಒಂದು ರಾತ್ರಿ ನೀರಲ್ಲಿ ಮುಳುಗಿಸಿಟ್ಟ ಮೇಲೆಯೇ ಬಳಕೆ.