ಎಂಟು ಕಾಲಿನ ಹುಳ, ಅರ್ಧ ಕಟ್ಟಿದ ಗೂಡು

ಮಿರಗದ (ಮೃಗಶಿರಾ) ಮಳೆ ಬಿದ್ದ ಮೇಲೆ ಧಾರವಾಡದ ಕೆಮ್ಮಣ್ಣಿನಲ್ಲಿ ಮಕಮಲ್ಲಿನಂಥ ಕೆಂಪು ಹುಳ ಕಾಣಿಸಿಕೊಳ್ಳುತ್ತದೆ. ನಮ್ಮ ಕಡೆ ಅದು ಮಿರಗದ ಹುಳ. ಮುಟ್ಟಿದರೆ ಕಾಲುಗಳನ್ನೆಲ್ಲ ಒಳಗೆಳೆದುಕೊಂಡು ಸುಮ್ಮನಾಗುತ್ತದೆ. ಸಂಜೆಯ ಆನ್‌ಲೈನ್ ಬರವಣಿಗೆ ಕ್ಲಾಸಿನ ಆರು, ಏಳನೇ ಇಯತ್ತೆಯ ಮಕ್ಕಳಿಗೆ ಇದರ ಮೇಲೆ ನಾಲ್ಕು ಸಾಲು ಬರೀರಿ ಅಂದೆ.

ವಾಟ್ಸ್ಆ್ಯಪ್‌ನಲ್ಲಿ ನೋಟ್‌ಬುಕ್ಕಿನ ಫೋಟೊಗಳು ಬಂದವು. ಹುಳ ಬಹಳ ಸುಂದರವಾಗಿದೆ, ಅದು ರೈತನ ಮಿತ್ರ, ಅದನ್ನು ನಾವು ಕಾಪಾಡಬೇಕು. ಕಾಗುಣಿತ ಸರಿ, ವಾಕ್ಯ ಸರಿ. ಆದರೆ ಇಷ್ಟನ್ನು ಬರೆಯಲು ಹುಳವನ್ನು ನೋಡಬೇಕಾದ್ದೇ ಇಲ್ಲ. ಒಬ್ಬ ಹುಡುಗಿ ಮಾತ್ರ ಬೇರೆ ಬರೆದಿದ್ದಳು: ಮುಟ್ಟಿದರೆ ಮುದುಡುತ್ತದೆ, ಆರು ಕಾಲು ಇವೆ. ಒತ್ತಕ್ಷರಗಳು ತಪ್ಪಿದ್ದವು. ಅವನ್ನು ಹಾಗೇ ಬಿಟ್ಟು, ಕಾಲನ್ನು ಇನ್ನೊಮ್ಮೆ ಎಣಿಸು ಅಂದೆ. ಮರುದಿನ ವಾಯ್ಸ್ ಮೆಸೇಜ್ ಬಂತು: “ಅಕ್ಕೋರ, ಎಂಟ್ ಅದಾವ್ರಿ! ಹುಳಕ್ಕ ಆರ ಇರ್ತಾವಂತ ಪುಸ್ತಕದಾಗ ಐತಲ್ರಿ?”

ಈಗ ಬರೆಯಲು ಒಂದು ವಿಷಯ ಸಿಕ್ಕಿತು. ಆ ಹುಳ ಕೀಟವಲ್ಲ, ಜೇಡದ ಬಳಗದ್ದು. ಮರಿಯಾಗಿದ್ದಾಗ ಆರೇ ಕಾಲು. ಆಗ ಮಿಡತೆಯಂಥ ಕೀಟಗಳ ಮೈಗೆ ಅಂಟಿಕೊಂಡು ರಸ ಹೀರುತ್ತದೆ. ಬೆಳೆದ ಮೇಲೆ ಎಂಟು ಕಾಲಾಗಿ ಮಣ್ಣಿಗಿಳಿದು ಗೆದ್ದಲು, ಕೀಟಗಳ ಮೊಟ್ಟೆ ತಿನ್ನುತ್ತದೆ. ಹುಡುಗಿ ಎರಡನೇ ಸಲ ಬರೆದಾಗ ಅರ್ಧ ಪುಟವಾಗಿತ್ತು. ಒತ್ತಕ್ಷರಗಳನ್ನು ನಾವಿಬ್ಬರೂ ಸೇರಿ ಸರಿಪಡಿಸಿದ್ದು ಆಮೇಲೆ.

ಮಕ್ಕಳ ಕೈಗೆ ಇಂಥ ಕ್ಲಾಸಿನ ಹೆಸರಲ್ಲಿ ಮೊಬೈಲ್ ಬಂದದ್ದು 2020ರಲ್ಲಿ. ಕೊರೊನಾದಿಂದ ಶಾಲೆಗಳು ಮುಚ್ಚಿದ್ದವು. ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠ ಬರುತ್ತಿತ್ತು, ಶಿಕ್ಷಕರು ಗುಡಿಯ ಕಟ್ಟೆ, ಗಿಡದ ನೆರಳಿನಲ್ಲಿ ‘ವಿದ್ಯಾಗಮ’ ತರಗತಿ ನಡೆಸುತ್ತಿದ್ದರು. ಮುಂದಿನ ವರ್ಷ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಕರ್ನಾಟಕವೂ ಸೇರಿ 5 ರಾಜ್ಯಗಳ 44 ಜಿಲ್ಲೆಗಳಲ್ಲಿ 16,067 ಮಕ್ಕಳನ್ನು ನೋಡಿ ಒಂದು ವರದಿ ಕೊಟ್ಟಿತು. ಶೇ. 92ರಷ್ಟು ಮಕ್ಕಳು ಹಿಂದಿನ ವರ್ಷ ಬರುತ್ತಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಒಂದನ್ನಾದರೂ ಕಳೆದುಕೊಂಡಿದ್ದರು. ಅಂದು ಎರಡರಿಂದ ಆರನೇ ಇಯತ್ತೆಯಲ್ಲಿದ್ದ ಮಕ್ಕಳು ಅವರು.

ನನ್ನ ಕ್ಲಾಸೂ ಮೊಬೈಲಿನಲ್ಲೇ, ಆದರೆ ಮಳೆಗಾಲದಲ್ಲಿ ನಮ್ಮ ಹಳ್ಳಿಗಳಲ್ಲಿ ನೆಟ್‌ವರ್ಕ್ ನೆಚ್ಚುವಂತಿಲ್ಲ. ಅದಕ್ಕೇ ಪರದೆಯ ಮೇಲೆ ನಾನು ಹೆಚ್ಚು ಮಾತಾಡುವುದಿಲ್ಲ. ಹೋಗ್ರಿ, ಹತ್ತು ನಿಮಿಷ ಹೊರಗ ನೋಡಿ ಬರ್ರಿ ಅನ್ನುತ್ತೇನೆ. ಬಂದು ಕೈಯಿಂದಲೇ ಬರೆಯಬೇಕು. ಕೀಬೋರ್ಡ್ ಅರ್ಧ ಪದಕ್ಕೇ ಪೂರ್ತಿ ಪದ ಮುಂದಿಡುತ್ತದೆ, ಮಗು ಎಲ್ಲಿ ತಡವರಿಸಿತು ಅನ್ನುವುದು ನನಗೆ ತಿಳಿಯುವುದೇ ಇಲ್ಲ. ಹಾಳೆಯ ಮೇಲಾದರೆ ಹೊಡೆದು ಹಾಕಿದ ಅಕ್ಷರ, ಒತ್ತಿ ತಿದ್ದಿದ ಗೆರೆ ಎಲ್ಲ ಹಸಿ ಮಣ್ಣಿನ ಹೆಜ್ಜೆಗುರುತಿನ ಹಾಗೆ ಉಳಿದಿರುತ್ತವೆ.

ಆಷಾಢದ ಹೊತ್ತಿಗೆ ಕೆರೆದಂಡೆಯ ಜಾಲಿಗಿಡಗಳಲ್ಲಿ ಗೀಜಗಗಳು ನೇಯಲು ತೊಡಗುತ್ತವೆ. ಕೆಲವು ಗೂಡು ಕೆಳಗೆ ತೆರೆದುಕೊಂಡೇ ತೂಗುತ್ತಿದ್ದವು. ಗಾಳಿಗೆ ಹರಿದ ಗೂಡು ಎಂದು ಮಕ್ಕಳು ಬರೆದರು. ಹಾಳೆಯ ನಡುವೆ ಗೆರೆ ಎಳೆಸಿ, ಒಂದು ಕಡೆ ‘ಕಂಡದ್ದು’, ಇನ್ನೊಂದು ಕಡೆ ‘ಅನಿಸಿದ್ದು’ ಅಂತ ಬರೆಸಿದೆ. ಹಳದಿ ತಲೆಯ ಹಕ್ಕಿ ಗೂಡಿಗೆ ಜೋತುಬಿದ್ದು ರೆಕ್ಕೆ ಬಡಿಯುತ್ತಿತ್ತು ಎಂಬುದು ಕಂಡದ್ದು. ‘ಹರಿದ’ ಅನ್ನುವುದು ಆಚೆ ಬದಿಗೆ ಹೋಯಿತು. ಎರಡು ವಾರ ನೋಡ್ರಿ ಅಂದೆ. ಕೆಲವು ಗೂಡಿಗೆ ಉದ್ದನೆಯ ಕೊಳವೆ ಬೆಳೆಯಿತು, ಕೆಲವು ಹಾಗೇ ಉಳಿದವು. ಗಂಡು ಅರ್ಧ ನೇಯ್ದು ನಿಲ್ಲಿಸುತ್ತದೆ. ಹೆಣ್ಣು ಬಂದು ಒಳಹೊಕ್ಕು ನೋಡಿ ಒಪ್ಪಿದರೆ ಗಂಡು ಉಳಿದದ್ದನ್ನು ಮುಗಿಸಿ, ಬಳಿಕ ಮತ್ತೊಂದು ಗೂಡಿಗೆ ಕೈಹಾಕುತ್ತದೆ. 1930ರ ಮಳೆಗಾಲದಲ್ಲಿ ಪಕ್ಷಿತಜ್ಞ ಸಲೀಂ ಅಲಿ ಅಲಿಬಾಗ್ ಹತ್ತಿರದ ಕಿಹಿಂನಲ್ಲಿ ತಾಳ್ಮೆಯಿಂದ ಕೂತು ನೋಡಿ ಬರೆದಿಟ್ಟದ್ದು ಇದನ್ನೇ. ಒಬ್ಬ ಹುಡುಗ ಅಂದ: “ಅಂದ್ರ ಆ ಗೂಡು ಹರಿದಿಲ್ರಿ ಅಕ್ಕೋರ, ಪಾಸ್ ಆಗಿಲ್ಲ.”

ಪೀಠಿಕೆ, ವಿವರಣೆ, ಉಪಸಂಹಾರ ಎಂಬ ಪ್ರಬಂಧದ ಚೌಕಟ್ಟು ಪರೀಕ್ಷೆಗೆ ಬೇಕು, ಜಗಳವಿಲ್ಲ. ಕಲಿಸುವ ಸರದಿ ಮಾತ್ರ ತಲೆಕೆಳಗಾಗಿದೆ: ನೋಡುವುದು ಮೊದಲು, ಚೌಕಟ್ಟು ಆಮೇಲೆ ಬರಬೇಕು. ಬರೆಯಲು ಹೆದರುವ ಮಕ್ಕಳಿಗೆ ಮನೆ ಹತ್ತಿರದ ಒಂದು ಮಾವು ಇಲ್ಲವೇ ಹುಣಸೆ ಗಿಡ ಒಪ್ಪಿಸುತ್ತೇನೆ. ಸೀಸನ್‌ವಾಚ್ ಎಂಬ ದೇಶವ್ಯಾಪಿ ಕಾರ್ಯಕ್ರಮದಲ್ಲಿ ಮಾಡುವಂತೆ ವಾರಕ್ಕೊಮ್ಮೆ ಚಿಗುರು, ಹೂ, ಕಾಯಿ ಇಲ್ಲವೋ, ಸ್ವಲ್ಪವೋ, ಬಹಳವೋ ಎಂದು ಬರೆದರೆ ಸಾಕು. ಹಿಂದಿನ ವಾರದ ಸಾಲು ಪಕ್ಕದಲ್ಲೇ ಇರುವುದರಿಂದ ‘ಆದರೆ’, ‘ಆದ್ದರಿಂದ’ ತಾವಾಗಿಯೇ ಬರುತ್ತವೆ.

ಹತ್ತು ಹನ್ನೆರಡು ಮಕ್ಕಳಿಗಿಂತ ಹೆಚ್ಚಾದರೆ ಈ ಕೆಲಸ ನನ್ನಿಂದ ಆಗುವುದಿಲ್ಲ. ಪ್ರತಿ ಹಾಳೆಯನ್ನೂ ಓದಬೇಕು, ಪ್ರತಿ ಹಾಳೆಗೂ ಒಂದು ಪ್ರಶ್ನೆ ಕೇಳಬೇಕು. ನೂರು ಮಕ್ಕಳನ್ನು ಒಂದೇ ಪರದೆಗೆ ಕೂಡಿಸಿ ಬರೆಯಲು ಕಲಿಸುತ್ತೇವೆ ಅನ್ನುವವರಿಗೆ ಫೀ ಕಟ್ಟುವ ಮುಂಚೆ ಪಾಲಕರು ಒಂದು ಮಾತು ಕೇಳಲಿ: ನಮ್ಮ ಮಗು ಬರೆದ ಹಾಳೆಯನ್ನು ಓದುವವರು ಯಾರು?